ಕಂಬಳಿಯ ಮೇಲೆ ಕೊಟ್ಟ ಒರಿಜಿನಲ್

ಸ್ವಲ್ಪ ತಾಳಿ. ಈ ವಿಷಯ ಗೊತ್ತಾದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಕೊನೆಗೆ ದುಡ್ಡು ಕೊಟ್ರಾ, ಇಲ್ವಾ?" ಅದಕ್ಕೆ ಉತ್ತರ ಇದೆ. ಆದರೆ ಮೊದಲೇ ಹೇಳಿಬಿಟ್ಟರೆ ನೀವು ನಮ್ಮದು ಸರಿಯೋ ತಪ್ಪೋ ಎಂದು ಅಲ್ಲೇ ತೀರ್ಮಾನ ಮಾಡಿ ಮುಂದಕ್ಕೆ ಹೋಗುತ್ತೀರಿ. ನಾನೂ ಬೇರೆಯವರ ಕಥೆ ಓದುವಾಗ ಹಾಗೇ ಮಾಡುತ್ತೇನೆ. ಅದು ಬರುವ ಜಾಗದಲ್ಲಿ ಬರಲಿ, ಅಲ್ಲಿಯವರೆಗೆ ಕಾಯಿರಿ.

ನಾನು ಚಿತ್ರದುರ್ಗದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೇನೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಮುಕ್ಕಾಲು ಪಾಲು ಕೆಲಸ ಆನ್‌ಲೈನ್ ಅರ್ಜಿ ತುಂಬುವುದು. ಊರು ಹಿರೇಗುಂಟನೂರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಕಂಪ್ಯೂಟರ್ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ವಿಡಿಯೋ ನೋಡಿ ಒಂದಿಷ್ಟು, ಅಂಗಡಿಯ ಮಷೀನ್ ಕೆಡಿಸಿ ಒಂದಿಷ್ಟು ಕಲಿತೆ. ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹಾಗಾಗಿ ಕೆಲಸ ಹುಡುಕುವವರಿಗೆಂದು ಫೋನಿನಲ್ಲಿ ಒಂದು ಗ್ರೂಪ್ ಮಾಡಿದೆ. ಯಾರಿಗಾದರೂ ಕೆಲಸದ ಮೆಸೇಜ್ ಬಂದರೆ ಅಲ್ಲಿ ಹಾಕುತ್ತಾರೆ, ನಾನು ಅಸಲಿಯೋ ನಕಲಿಯೋ ನೋಡಿ ಹೇಳುತ್ತೇನೆ. ಇಮೇಲ್ ಯಾವ ವಿಳಾಸದಿಂದ ಬಂದಿದೆ, ವೆಬ್‌ಸೈಟ್ ಎಷ್ಟು ಹಳೆಯದು, ಆಫೀಸಿನ ಫೋಟೋ ಬೇರೆಲ್ಲಿಂದಾದರೂ ಕದ್ದದ್ದೋ, ಮುಖ್ಯವಾಗಿ ಮೊದಲೇ ದುಡ್ಡು ಕೇಳಿದ್ದಾರೋ. ಇಷ್ಟು ನೋಡಿದರೆ ಹತ್ತರಲ್ಲಿ ಒಂಬತ್ತು ಸಿಕ್ಕಿಬೀಳುತ್ತವೆ ಎಂದು ನಂಬಿದ್ದೆ.

ಒಮ್ಮೆ ಹೊಸದುರ್ಗದ ಕಡೆಯ ಒಬ್ಬ ಯುವಕ ಅಂಗಡಿಗೆ ಬಂದು ಫೋನ್ ಚಾಚಿದ.

"ಅಣ್ಣಾ, ಏರ್‌ಪೋರ್ಟ್ ಕೆಲ್ಸ. ಏನೂ ದುಡ್ಡಿಲ್ಲ, ಯೂನಿಫಾರಂಗೆ ಮಾತ್ರ ಕಟ್ಬೇಕಂತೆ."

"ಯಾವ ಏರ್‌ಪೋರ್ಟಪ್ಪ?"

"ನಮ್ ದುರ್ಗದ್ದೇ."

"ದುರ್ಗದಾಗೆ ಏರ್‌ಪೋರ್ಟ್ ಎಲ್ಲೈತೆ?"

"ಕಟ್ತಾರಂತೆ."

"ಹಂಗಾರೆ ಅವ್ರು ಕಟ್ಲಿ ತಡಿ, ಆಮೇಲೆ ಯೂನಿಫಾರಂ ಹೊಲ್ಸಾಣ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆ ದಿನ ಸಂಜೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ನಿಂತುಕೊಂಡೇ ಹೋದರೂ ನನಗೆ ಕಾಲು ನೋಯಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದು ನಡೆದದ್ದು ಏನೂ ಗೊತ್ತಿಲ್ಲದವರ ಮನೆಯಲ್ಲಿ ಅಲ್ಲ. ನಮ್ಮ ಮನೆಯಲ್ಲಿ.

ನನಗೆ ಒಬ್ಬಳು ಅಕ್ಕ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಈಗಲೂ ಹಿಂಡು ಹೊಡೆದುಕೊಂಡು ಹೋಗುತ್ತಾನೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಡಿಗ್ರಿ ಮುಗಿಸಿದವಳು ಅವಳೇ ಮೊದಲು, ಬಿಕಾಂ. ಅವಳ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಫೈಲ್ ಇತ್ತು, ಟಿಚ್ ಬಟನ್ನಿನದು. ಹತ್ತನೇ ತರಗತಿಯದು, ಪಿಯುಸಿಯದು, ಡಿಗ್ರಿಯ ಆರು ಸೆಮಿಸ್ಟರಿನದು, ಜಾತಿ ಪ್ರಮಾಣಪತ್ರ, ಟಿಸಿ, ಎಲ್ಲ ಅದರಲ್ಲೇ. ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದಳು. ನಾನು ಲ್ಯಾಮಿನೇಷನ್ ಮಾಡಿಕೊಡುತ್ತೇನೆಂದರೆ ಬೇಡ ಎಂದಳು. "ಲ್ಯಾಮಿನೇಷನ್ ಮಾಡಿದ್ರೆ ಹಿಂದ್ಗಡೆ ಸೀಲ್ ಕಾಣಾಕಿಲ್ಲ ಕಣೋ, ವೆರಿಫಿಕೇಷನ್ನಾಗೆ ತಕರಾರು ಮಾಡ್ತಾರೆ" ಎಂದು ನನಗೇ ಪಾಠ ಹೇಳಿದಳು. ಅವಳು ಹೇಳಿದ್ದು ಸರಿ.

ಡಿಗ್ರಿ ಮುಗಿದು ನಾಲ್ಕು ವರ್ಷವಾಗಿತ್ತು. ಒಂದು ಇಲಾಖೆಯಲ್ಲಿ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಬರೆದಿದ್ದಳು, ಅದರ ಆಯ್ಕೆ ಪಟ್ಟಿ ಬರುವುದು ಮುಂದೆ ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಬೇರೆ ಒಂದು ಕೆಲಸ ಬಂತು. ಹೊಸದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವಲ್ಲ, ಅಲ್ಲಿನ ಒಂದು ಕಂಪನಿಯ ಸೈಟ್ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಕಂಪನಿಯ ಗಾಡಿಯೇ ಕರೆದುಕೊಂಡು ಹೋಗಿ ಬಿಡುತ್ತದೆ ಎಂದು. ಅಕ್ಕ ಮೆಸೇಜನ್ನು ಗ್ರೂಪಿಗೆ ಹಾಕಲಿಲ್ಲ, ನನಗೊಬ್ಬನಿಗೇ ತೋರಿಸಿದಳು.

ಎರಡು ದಿನ ನೋಡಿದೆ. ಇಮೇಲ್ ಕಂಪನಿಯದೇ ಹೆಸರಿನಲ್ಲಿತ್ತು. ವೆಬ್‌ಸೈಟ್ ಇತ್ತು, ಅದೂ ಹೊಸದಲ್ಲ. ಅಕ್ಕ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿದರು. "ಒಂದ್ ರೂಪಾಯಿ ಕೊಡಂಗಿಲ್ಲಮ್ಮ. ಯಾರಾದ್ರೂ ಕೇಳಿದ್ರೆ ನಮಗೇ ಕಂಪ್ಲೇಂಟ್ ಮಾಡ್ರಿ" ಎಂದರು. ಐಮಂಗಲದಲ್ಲಿ ಹೈವೇ ಪಕ್ಕ ಒಂದು ಅಂಗಡಿಯ ಮೇಲೆ ಆಫೀಸ್. ಅಕ್ಕನ ಜೊತೆ ನಾನೂ ಹೋದೆ. ಮೇಜು, ಕುರ್ಚಿ, ಕಂಪ್ಯೂಟರ್, ಗೋಡೆಯ ಮೇಲೆ ಗಾಳಿಯಂತ್ರದ ಫೋಟೋ. ಆ ಫೋಟೋ ಎಲ್ಲಿಂದ ತೆಗೆದದ್ದೆಂದು ಆಮೇಲೆ ನೆಟ್ಟಿನಲ್ಲಿ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಅಲ್ಲಿದ್ದವನು ಮೂವತ್ತೈದು ದಾಟಿದವನು, ಇಸ್ತ್ರಿ ಮಾಡಿದ ಷರ್ಟು, ಮೆದು ಮಾತು. ಅಕ್ಕನನ್ನು ಅರ್ಧ ಗಂಟೆ ಕೂರಿಸಿ ಟ್ಯಾಲಿಯಲ್ಲಿ ಎಂಟ್ರಿ ಮಾಡಿಸಿದ. ಅಕ್ಕ ಮಾಡಿದ ಒಂದು ತಪ್ಪನ್ನೂ ತೋರಿಸಿದ. ನಕಲಿ ಆಸಾಮಿ ತಪ್ಪು ಹುಡುಕುತ್ತಾನೆಯೇ ಎಂದುಕೊಂಡೆ. ವಾಪಸ್ ಬರುವಾಗ ಅಕ್ಕನಿಗೆ "ಇದು ಅಸಲಿ" ಎಂದೆ.

ಆ ಎರಡು ಪದ ನಾನು ಹೇಳಿದ್ದು. ಮರೆತಿಲ್ಲ.

ಮುಂದಿನ ವಾರ ಅವನೇ ನಮ್ಮ ಮನೆಗೆ ಬಂದ. ಸೇರುವ ಮೊದಲು ಮನೆ ವಿಳಾಸ ನೋಡುವುದು ಕಂಪನಿಯ ಪದ್ಧತಿ ಎಂದಿದ್ದ. ಇಲ್ಲಿ ನಮ್ಮ ಮನೆಯ ಪದ್ಧತಿ ಒಂದನ್ನು ಹೇಳಬೇಕು. ನಮ್ಮಲ್ಲಿ ಮಾತು ಗಟ್ಟಿ ಮಾಡುವಾಗ ಕಂಬಳಿ ಹಾಸುತ್ತಾರೆ. ನಮ್ಮ ಕುರಿಯದೇ ಉಣ್ಣೆಯ ಕರಿ ಕಂಬಳಿ. ಹೆಣ್ಣು ಕೊಡುವ ಮಾತಾಗಲಿ, ಹೊಲದಲ್ಲಿ ಗೊಬ್ಬರಕ್ಕೆ ಹಿಂಡು ನಿಲ್ಲಿಸುವ ಮಾತಾಗಲಿ, ಅಣ್ಣತಮ್ಮಂದಿರ ಜಗಳ ಬಗೆಹರಿಸುವುದಾಗಲಿ, ಅದರ ಮೇಲೆ ಕೂತು ಆಡುತ್ತಾರೆ. ಚಪ್ಪಲಿ ತಗಲಿಸುವಂತಿಲ್ಲ, ದಾಟುವಂತಿಲ್ಲ. ಅಲ್ಲಿ ಆಡಿದ ಮಾತನ್ನು ಬರೆದುಕೊಡು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೂತವನನ್ನು ಸುಳ್ಳ ಎಂದ ಹಾಗೆ.

ಮಗಳಿಗೆ ಕೆಲಸ ಕೊಡುವವನು ಬಂದನೆಂದು ಅಪ್ಪ ಕಂಬಳಿ ಹಾಸಿದ. "ಬರ್ರಿ, ಕುಂತ್ಕಳ್ರಿ" ಎಂದ.

ಅವನು ಶೂ ಹೊರಗೇ ಬಿಟ್ಟು ಬಂದ. ಕೂರುವ ಮೊದಲು ಬಗ್ಗಿ, ಕಂಬಳಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ಆ ನೋಟದಲ್ಲೇ ಅಪ್ಪನ ತೀರ್ಮಾನ ಆಗಿಹೋಗಿತ್ತು.

ಅವ್ವ ಮಜ್ಜಿಗೆ ಕೊಟ್ಟಳು. ಅವನು ಕುಡಿದು, "ಸೇರೋವಾಗ ಒರಿಜಿನಲ್ ಹೆಡ್ಡಾಫೀಸಿಗೆ ಕಳಿಸ್ಬೇಕು. ಹದಿನೈದು ದಿನಕ್ಕೆ ವಾಪಸ್ ಬರ್ತವೆ. ನಾನೇ ತಂದು ಇದೇ ಕಂಬ್ಳಿ ಮೇಲೆ ಇಡ್ತೀನಿ ಯಜಮಾನ್ರೇ" ಎಂದ.

"ಸಾರ್, ಜೆರಾಕ್ಸ್ ಸಾಕಾಗಲ್ವಾ? ಅಟೆಸ್ಟ್ ಮಾಡ್ಸಿ ಕೊಡ್ತೀವಿ" ಎಂದೆ.

ಅವನು ನಕ್ಕ. ಉತ್ತರ ಕೊಟ್ಟವನು ಅಪ್ಪ.

"ಲೇ, ಕಂಬ್ಳಿ ಮ್ಯಾಲೆ ಕುಂತೋರ್ನ ಹಂಗೆ ಕೇಳ್ತಾರೇನಲೇ? ಜೆರಾಕ್ಸ್ ಅಂಗ್ಡಿ ದುರ್ಗದಾಗೆ ಬಿಟ್ಟು ಬಾ ನೀನು."

ಅವ್ವ ನಕ್ಕಳು. ಅಕ್ಕನೂ ನಕ್ಕಳು. ಜೆರಾಕ್ಸಿನ ಮಾತು ನಾನು ಮತ್ತೆ ಎತ್ತಲಿಲ್ಲ. ಅಷ್ಟೇ ಆಗಿದ್ದು. ಫೈಲಿನ ಮೇಲೆ ಎಲೆ ಅಡಿಕೆ ಇಟ್ಟು ಅಪ್ಪ ಎರಡೂ ಕೈಯಲ್ಲಿ ಕೊಟ್ಟ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ರಸೀದಿ ಕೇಳಲಿಲ್ಲ. ಟಿಚ್ ಬಟನ್ ಸರಿಯಾಗಿ ಕೂತಿರಲಿಲ್ಲ, ಅಕ್ಕ ಮುಂದೆ ಬಂದು ಒತ್ತಿ ಹಾಕಿದಳು.

ಹದಿನೈದು ದಿನ ಇಪ್ಪತ್ತಾಯಿತು, ತಿಂಗಳಾಯಿತು. ಫೋನ್ ಮಾಡಿದರೆ ಎತ್ತುತ್ತಿದ್ದ, ಹೆಡ್ಡಾಫೀಸ್ ಎನ್ನುತ್ತಿದ್ದ. ಆಗ ಗುಮಾಸ್ತೆ ಹುದ್ದೆಯ ಪಟ್ಟಿ ಬಂತು. ಅಂಗಡಿಯಲ್ಲಿ ನಾನೇ ತೆರೆದು ನೋಡಿದೆ. ಅಕ್ಕನ ನಂಬರ್ ಇತ್ತು. ಹನ್ನೊಂದನೇ ದಿನಕ್ಕೆ ಮೂಲ ದಾಖಲೆಗಳ ಪರಿಶೀಲನೆ, ಚಿತ್ರದುರ್ಗದಲ್ಲೇ. ಮೂಲ ದಾಖಲೆ ತರದಿದ್ದರೆ ಆಯ್ಕೆ ರದ್ದು ಎಂದು ದಪ್ಪ ಅಕ್ಷರದಲ್ಲಿತ್ತು. ಸಂತೋಷವಾಗಬೇಕಿತ್ತು. ನಾನು ಆ ಪುಟವನ್ನು ಪ್ರಿಂಟ್ ತೆಗೆದೆ, ಮತ್ತೆ ಒಂದು ತೆಗೆದೆ. ಎರಡು ಯಾಕೆ ತೆಗೆದೆನೋ ಗೊತ್ತಿಲ್ಲ.

ಅಕ್ಕ ಅವನಿಗೆ ಫೋನ್ ಮಾಡಿ, ಗಾಳಿಯಂತ್ರದ ಕೆಲಸ ಬೇಡ, ದಾಖಲೆ ವಾಪಸ್ ಕೊಡಿ ಎಂದಳು. ಸ್ಪೀಕರ್ ಹಾಕಿದ್ದಳು. ಅವನ ದನಿ ಅದೇ ಮೆದು ದನಿ.

"ನೀನು ಸೇರ್ತೀನಿ ಅಂತ ಸೀಟ್ ಬ್ಲಾಕ್ ಆಗೈತಮ್ಮ. ಕ್ಯಾನ್ಸಲ್ ಮಾಡ್ಬೇಕಂದ್ರೆ ಕಂಪ್ನಿಗೆ ಕಟ್ಬೇಕಾಗ್ತದೆ. ನಾಳೆ ಕಟ್ಟಿದ್ರೆ ನಾಡಿದ್ದು ಫೈಲ್ ನಿನ್ ಕೈಯಾಗಿರ್ತದೆ."

ಒಂದು ಮೊತ್ತ ಹೇಳಿದ. ನಾಲ್ಕೈದು ಕುರಿ ಮಾರಿದರೆ ಆಗುವಷ್ಟು. ಅಂದರೆ ನಮ್ಮಿಂದ ಆಗದ ಮೊತ್ತವಲ್ಲ. ಅದು ಅವನಿಗೂ ಗೊತ್ತಿತ್ತು, ಹಿಂಡು ನೋಡಿಕೊಂಡೇ ಹೋಗಿದ್ದ.

ಅಪ್ಪ "ಕೊಟ್ಬುಡಾಣ" ಎಂದ. ಅಕ್ಕ ನನ್ನ ಕಡೆ ನೋಡಿದಳು.

ನನ್ನ ತಲೆಯಲ್ಲಿ ಇದ್ದದ್ದು ಗ್ರೂಪಿನಲ್ಲಿ ನಾನೇ ನೂರು ಸಲ ಬರೆದ ಮಾತು: ದುಡ್ಡು ಕೇಳಿದರೆ ಕಟ್ಟಬೇಡಿ, ಒಂದು ಸಲ ಕಟ್ಟಿದರೆ ಮತ್ತೆ ಕೇಳುತ್ತಾರೆ. ಅದನ್ನೇ ಹೇಳಿದೆ. ಇವತ್ತು ಕೊಟ್ಟರೆ ನಾಳೆ ಇನ್ನೊಂದು ಹೆಸರಲ್ಲಿ ಕೇಳುತ್ತಾನೆ, ಪೊಲೀಸಿಗೆ ಹೋಗೋಣ, ಕೈಯಲ್ಲಿ ಹನ್ನೊಂದು ದಿನ ಇದೆ ಎಂದೆ.

"ಅವ್ನು ಕೊಡ್ದಿದ್ರೆ?" ಎಂದಳು ಅಕ್ಕ.

"ದುಡ್ಡು ಕೊಟ್ರೂ ಕೊಡ್ದಿದ್ರೆ?"

"ಹೋಗ್ಲಿ ಬಿಡೋ, ಕುರಿ ಹೋಗ್ತವೆ ಅಷ್ಟೇ. ಕುರಿ ಮತ್ತೆ ಮರಿ ಹಾಕ್ತವೆ. ಮಾರ್ಕ್ಸ್ ಕಾರ್ಡ್ ಹಾಕ್ತವೇನೋ?"

ಆದರೂ ವಾದ ಮಾಡಿದೆ. ನನಗೆ ಗೊತ್ತಿರುವ ವಿಷಯ ಇದೊಂದೇ, ಇದರಲ್ಲಿ ನನ್ನ ಮಾತು ನಡೆಯಬೇಕು ಎಂದು ಒಳಗೆಲ್ಲೋ ಇತ್ತು ಅನಿಸುತ್ತದೆ. ಕೊನೆಗೆ ಅಪ್ಪ ಎಂದ: "ಇವ್ನು ದಿನಾ ಇದ್ನೇ ನೋಡ್ತಾನಲ್ಲಮ್ಮ. ಇವ್ನ ಮಾತು ಕೇಳಾಣ." ಕಂಬಳಿಯ ದಿನ ನನ್ನ ಬಾಯಿ ಮುಚ್ಚಿಸಿದ್ದ ಅಪ್ಪ, ಈಗ ನನ್ನ ಮಾತು ಕೇಳಿದ.

ಕಟ್ಟಲಿಲ್ಲ. ನೀವು ಕಾಯುತ್ತಿದ್ದ ಉತ್ತರ ಇದು.

ಮರುದಿನ ದೂರು ಕೊಟ್ಟೆವು. ತೆಗೆದುಕೊಂಡರು, ಸ್ವೀಕೃತಿ ಕೊಟ್ಟರು, ಅವನ ನಂಬರಿಗೆ ಫೋನನ್ನೂ ಮಾಡಿದರು. ಆವತ್ತಿನಿಂದ ಆ ನಂಬರ್ ಸ್ವಿಚ್ಡ್ ಆಫ್. ಅಪ್ಪ, ನಾನು ಐಮಂಗಲಕ್ಕೆ ಹೋದೆವು. ಮೇಲಿನ ರೂಮಿಗೆ ಬೀಗ. ಕಿಟಕಿಯಿಂದ ನೋಡಿದರೆ ಮೇಜು ಇಲ್ಲ, ಕಂಪ್ಯೂಟರ್ ಇಲ್ಲ, ಗಾಳಿಯಂತ್ರದ ಫೋಟೋ ಮಾತ್ರ ಗೋಡೆಯ ಮೇಲಿತ್ತು. ಕೆಳಗಿನ ಅಂಗಡಿಯವನು, "ಮೂರ್ ತಿಂಗ್ಳಿಗೆ ಅಂತ ಬಾಡಿಗೆ ತಗಂಡಿದ್ದ ಸಾರ್, ಒಳ್ಳೆ ಮನುಷ್ಯ, ದಿನಾ ನಮಸ್ಕಾರ ಹೇಳೋನು. ನಿನ್ನೆ ಮಧ್ಯಾಹ್ನ ಗಾಡಿ ತಂದು ಸಾಮಾನು ತುಂಬ್ಕಂಡು ಹೋದ" ಎಂದ. ಅಪ್ಪ ರಸ್ತೆಯ ಪಕ್ಕ ಕೂತು ಬೀಡಿ ಹಚ್ಚಿದ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಬಸ್ ಬಂತು, ಹತ್ತಿದೆವು.

ಗ್ರೂಪಿನಲ್ಲಿ ವಿಷಯ ಹಾಕಿದೆ. ನಮ್ಮ ಹೆಸರು ಹೇಳದೆ, ಬೇರೆ ಯಾರಿಗೋ ಆದದ್ದು ಎನ್ನುವ ಹಾಗೆ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಿಂದ ಒಂದು ಹುಡುಗಿ ನೇರ ನನಗೆ ಬರೆದಳು: ನನ್ನದೂ ಅವನ ಹತ್ತಿರ ಇದೆ. ಹೋಗಿ ನೋಡಿ ಬಂದೆ. ರೈಲ್ವೆ ಸ್ಟೇಷನ್ನಿನಿಂದ ದೂರವಲ್ಲ, ಕಿರಾಣಿ ವ್ಯಾಪಾರದ ಮನೆ, ಮಠಕ್ಕೆ ನಡೆದುಕೊಳ್ಳುವವರು. ಅವಳ ತಾಯಿ ಹೇಳಿದರು: "ನಮ್ ಮನೀಗ್ ಬಂದಾಗ ಹಣೆ ತುಂಬ ಈಬತ್ತಿ ಹಚ್ಕಂಡಿದ್ದ. ದೇವ್ರ ಮನೆ ಮುಂದೆ ನಿಂತು ಕೈ ಮುಗ್ದು, ಆಮೇಲೆ ನೀರು ಮುಟ್ಟಿದ. ಅಂಥೋನ್ನ ಹೆಂಗಪ್ಪ ಅನುಮಾನ ಪಡೋದು?"

ನಮ್ಮ ಮನೆಗೆ ಬಂದಾಗ ಅವನ ಹಣೆಯಲ್ಲಿ ಏನೂ ಇರಲಿಲ್ಲ. ಆಗ ಅರ್ಥವಾಯಿತು. ನಾನು ಇಮೇಲ್ ನೋಡುತ್ತಿದ್ದಾಗ ಅವನು ನಮ್ಮನ್ನು ನೋಡಿಕೊಂಡು ಬಂದಿದ್ದ. ಯಾವ ಮನೆಯಲ್ಲಿ ಯಾವುದರ ಎದುರು ಪ್ರಶ್ನೆ ಕೇಳುವುದಿಲ್ಲವೋ ಅದರ ಮೇಲೆ ಹೋಗಿ ಕೂರುತ್ತಿದ್ದ.

ಅವರು ಏನು ಮಾಡಲಿ ಎಂದು ನನ್ನನ್ನೇ ಕೇಳಿದರು. ಕಟ್ಟಬೇಡಿ, ನೀವೂ ದೂರು ಕೊಡಿ ಎಂದೆ. ಹೂಂ ಎಂದರು. ಆಮೇಲೆ ಅವರಿಗೆ ಅವನು ಬೇರೊಂದು ನಂಬರಿನಿಂದ ಫೋನ್ ಮಾಡಿದನಂತೆ. ಅವರು ಕಟ್ಟಿದರು. ನಾಲ್ಕನೇ ದಿನ ಬಸ್ಸಿನ ಪಾರ್ಸಲ್ಲಿನಲ್ಲಿ ಫೈಲ್ ಬಂತು. ಒಂದು ಹಾಳೆಯೂ ಕಡಿಮೆ ಇರಲಿಲ್ಲ. ಆ ಹುಡುಗಿ ಫೋಟೋ ತೆಗೆದು ನನಗೆ ಕಳಿಸಿದಳು, ಕೆಳಗೆ "ಥ್ಯಾಂಕ್ಸ್ ಅಣ್ಣ" ಎಂದು ಬರೆದಿದ್ದಳು. ಅಭ್ಯಾಸಬಲದಿಂದ ಬರೆದಿರಬೇಕು.

ಆ ಫೋಟೋವನ್ನು ಅಕ್ಕನಿಗೆ ತೋರಿಸಿದೆ. ಮುಚ್ಚಿಡಬಹುದಿತ್ತು. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಿಂದ ಮುಟ್ಟದೆ, ಬಗ್ಗಿ ನೋಡಿದಳು. "ಸಿಕ್ತಲ್ಲ, ಒಳ್ಳೇದಾತು" ಎಂದಳು. ರೊಟ್ಟಿ ತಿರುವಿ ಹಾಕಿದಳು. ರಾಮಗಿರಿಯ ಹುಡುಗಿಯಿಂದ ಅವನ ಹೊಸ ನಂಬರ್ ತೆಗೆದುಕೊಂಡು, ನೀನೂ ಇದಕ್ಕೆ ಮಾಡು ಎಂದೆ, ಕಟ್ಟೋಣ ಎಂದೂ ಹೇಳಿದೆ. ಮಾಡಿದಳು. ಅದೂ ಸ್ವಿಚ್ಡ್ ಆಫ್ ಆಗಿತ್ತು.

ಉಳಿದ ದಿನಗಳಲ್ಲಿ ನನಗೆ ಗೊತ್ತಿರುವುದನ್ನೆಲ್ಲ ಮಾಡಿದೆ. ಫೋನಿನಲ್ಲಿ ಸಿಗುವ ಸರ್ಕಾರದ ದಾಖಲೆ ಲಾಕರಿನಲ್ಲಿ ಹತ್ತನೇ ತರಗತಿಯದು ಸಿಕ್ಕಿತು. ಜಾತಿ ಪ್ರಮಾಣಪತ್ರವನ್ನು ಅದರ ಜೆರಾಕ್ಸಿನಲ್ಲಿದ್ದ ನಂಬರ್ ಹಾಕಿ ಮತ್ತೆ ತೆಗೆಸಿದೆ. ಪಿಯುಸಿಯದಕ್ಕೂ ಡಿಗ್ರಿಯದಕ್ಕೂ ಮೂಲದ ಬದಲಿಗೆ ನಕಲು ಪ್ರತಿ ಕೊಡಿ ಎಂದು ಬೋರ್ಡಿಗೆ, ಯೂನಿವರ್ಸಿಟಿಗೆ ಅರ್ಜಿ, ಅಫಿಡವಿಟ್, ದೂರಿನ ಪ್ರತಿ ಕೊಟ್ಟೆವು. ಬರುವುದಕ್ಕೆ ತಿಂಗಳುಗಳೇ ಬೇಕು ಎಂದರು. ಜೆರಾಕ್ಸ್‌ಗೆ ನಮ್ಮ ಮನೆಯಲ್ಲಿ ಬರವಿರಲಿಲ್ಲ. ಅಕ್ಕನ ಪ್ರತಿ ಹಾಳೆಯದೂ ಹತ್ತು ಹತ್ತು ಜೆರಾಕ್ಸ್ ಇತ್ತು, ಒಳ್ಳೆ ಕಾಗದದ ಮೇಲೆ ನಾನೇ ತೆಗೆದದ್ದು.

ಪರಿಶೀಲನೆಯ ದಿನ ಇಬ್ಬರೂ ಹೋದೆವು. ಸಾಲಿನಲ್ಲಿದ್ದವರ ಕೈಯಲ್ಲೆಲ್ಲ ಫೈಲ್. ಒಬ್ಬಾಕೆಯದು ಅಕ್ಕನ ಹಾಗೇ ನೀಲಿ. ಮೇಜಿನ ಹಿಂದಿನ ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ದೂರಿನ ಪ್ರತಿಯನ್ನು ಪೂರ್ತಿ ಓದಿದರು. ಎದ್ದು ಹೋಗಿ ಒಳಗೆ ಕೇಳಿಕೊಂಡೂ ಬಂದರು. "ಒಂದ್ ವಾರ ಟೈಮ್ ಕೊಡ್ಬೌದಮ್ಮ, ಅದ್ಕಿಂತ ಆಗಲ್ಲ. ಡಿಗ್ರಿದು ಒರಿಜಿನಲ್ ಬೇಕೇಬೇಕು" ಎಂದರು. ಅಕ್ಕ "ಸರಿ ಸಾರ್" ಎಂದಳು. ವಾರದಲ್ಲಿ ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಹೊರಗೆ ಬಂದು ಅಕ್ಕ, "ಹಸಿವಾಗೈತೆ, ಏನಾರ ತಿನ್ನಾಣ" ಎಂದಳು. ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಈವರೆಗೂ ಆಗಿಲ್ಲ. ಆಗಿದ್ದರೆ ನನಗೆ ಸ್ವಲ್ಪ ಹಗುರ ಅನಿಸುತ್ತಿತ್ತೇನೋ.

ಆ ಹುದ್ದೆ ಮುಂದಿನ ನಂಬರಿನವರಿಗೆ ಹೋಯಿತು.

ಈಗ ಅಕ್ಕ ಮಧ್ಯಾಹ್ನದ ಹೊತ್ತು ನಮ್ಮ ಅಂಗಡಿಗೇ ಬರುತ್ತಾಳೆ, ಅರ್ಜಿ ತುಂಬಲು. ಯಾರಾದರೂ ಮಾರ್ಕ್ಸ್ ಕಾರ್ಡ್ ಸ್ಕ್ಯಾನಿಗೆ ಕೊಟ್ಟರೆ, ಸ್ಕ್ಯಾನ್ ಆದ ತಕ್ಷಣ ಎತ್ತಿ ಅವರ ಕೈಯಲ್ಲೇ ಇಡುತ್ತಾಳೆ. "ಒರಿಜಿನಲ್ ತಗಂಡ್ರಾ? ನೋಡ್ಕಳ್ರಿ" ಎನ್ನುತ್ತಾಳೆ. ಎಲ್ಲರಿಗೂ, ಪ್ರತಿ ಸಲ, ಅದೇ ದನಿಯಲ್ಲಿ. ಕೆಲವರು ನಗುತ್ತಾರೆ. ಮನೆಯಲ್ಲಿ ಅಪ್ಪ ಆ ಕಂಬಳಿಯನ್ನು ಮಡಿಸಿ ಅಟ್ಟದ ಮೇಲಿಟ್ಟ. ಮೊನ್ನೆ ಚಿಕ್ಕಪ್ಪನ ಮಗನಿಗೆ ಹೆಣ್ಣಿನ ಮಾತಿಗೆ ಬೇಕೆಂದು ಕೇಳಿದರೆ, ಹೊಸದು ತಂದುಕೊಳ್ಳಿ ಎಂದ. ಕಾರಣ ಹೇಳಲಿಲ್ಲ.

ಗ್ರೂಪಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಯಾರೇ ಕೇಳಲಿ, ಎಲ್ಲೇ ಕೂತು ಕೇಳಲಿ, ಒರಿಜಿನಲ್ ಕೈಬಿಟ್ಟು ಕೊಡಬೇಡಿ. ಎದುರಿಗೆ ತೋರಿಸಿ, ವಾಪಸ್ ತನ್ನಿ. ಇದರ ಬಗ್ಗೆ ನನಗೆ ಅನುಮಾನವಿಲ್ಲ. ಇನ್ನೊಂದು ಹಳೆಯ ಸಾಲು, ದುಡ್ಡು ಕೇಳಿದರೆ ಕಟ್ಟಬೇಡಿ ಎನ್ನುವುದು, ಅದನ್ನೂ ತೆಗೆದಿಲ್ಲ. ಠಾಣೆಗೆ ಮತ್ತೆ ಹೋದಾಗ, ಬೇರೊಬ್ಬರು ಕಟ್ಟಿದರೂ ಅವರಿಗೆ ದಾಖಲೆ ಬರಲಿಲ್ಲ ಎಂದು ಗೊತ್ತಾಯಿತು. ಹಾಗಾಗಿ ನಾನು ಹೇಳಿದ್ದು ಸರಿಯೇ ಇರಬಹುದು. ಆ ಸಾಲು ಕಳಿಸಿದಾಗಲೆಲ್ಲ ಗ್ರೂಪಿನಲ್ಲಿ ಯಾರ್ಯಾರು ಓದಿದರೆಂದು ತೆಗೆದು ನೋಡುತ್ತೇನೆ. ಅಕ್ಕನ ಹೆಸರು ಇರುತ್ತದೆ.

ಡಿಗ್ರಿಯ ನಕಲು ಪ್ರತಿ ಇನ್ನೂ ಬಂದಿಲ್ಲ. ಅಕ್ಕ ಇನ್ನೊಂದು ಪರೀಕ್ಷೆ ಬರೆದಿದ್ದಾಳೆ, ಅದರ ಪಟ್ಟಿ ಯಾವಾಗ ಬೇಕಾದರೂ ಬರಬಹುದು. ಅದಕ್ಕೇ ಇದನ್ನು ಬರೆದೆ. ನಿಮ್ಮ ಒರಿಜಿನಲ್ ಹೀಗೆ ಯಾರ ಕೈಗಾದರೂ ಹೋಗಿತ್ತಾ? ಹೇಗೆ ವಾಪಸ್ ಬಂತು, ಅಥವಾ ಬರದೇ ಹೋಯಿತು? ನಕಲು ಪ್ರತಿ ಬೇಗ ತೆಗೆಸಿದವರು ಯಾರಾದರೂ ಇದ್ದೀರಾ, ಯಾರನ್ನು ಹೇಗೆ ಕೇಳಿದಿರಿ? ನೀವು ಕಟ್ಟಿದ್ದರೆ ಕಟ್ಟಿದೆವೆಂದೇ ಬರೆಯಿರಿ, ನಾನು ಬೈಯುವುದಿಲ್ಲ. ಕೆಳಗೆ ಬರೆಯಿರಿ. ನಾನು ಓದುವುದಕ್ಕಿಂತ ಮೊದಲು ಅಕ್ಕ ಓದುತ್ತಾಳೆ.